ಆಫೀಸಿಗೆ ಒಯ್ಯುವ ಲೋ ಕಾರ್ಬ್ ಕೇಕ್: ಸಿಹಿಗಿಂತ ಮೊದಲು ಅಂಟು ನೋಡಿ

ಮೈದಾ, ಸಕ್ಕರೆ ಎರಡೂ ಇಲ್ಲದ ಕೇಕ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಸಕ್ಕರೆ ಬದಲು ಏನು ಹಾಕೋದು? ನನ್ನ ಅನುಭವದಲ್ಲಿ ಅದು ಎರಡನೇ ಪ್ರಶ್ನೆ. ಮೈದಾದ ಅಂಟು ಹೋದ ಮೇಲೆ ಕೇಕನ್ನು ಹಿಡಿದಿಡುವುದು ಯಾವುದು ಅನ್ನುವುದು ಮೊದಲನೆಯದು. ಮನೆಯಲ್ಲಿ ತಟ್ಟೆಗೆ ಹಾಕಿಕೊಂಡು ಚಮಚದಲ್ಲಿ ತಿನ್ನುವುದಾದರೆ ಕೇಕ್ ಪುಡಿಯಾದರೂ ನಡೆದೀತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದು, ಹನ್ನೊಂದು ಗಂಟೆಯ ಕಾಫಿ ಹೊತ್ತಿಗೆ ಡಬ್ಬಿ ತೆಗೆದಾಗ ತುಂಡು ತುಂಡಾಗಿಯೇ ಕೈಗೆ ಬರಬೇಕು ಅಂದರೆ ಲೆಕ್ಕವೇ ಬೇರೆ. ಅಲ್ಲಿ ತಟ್ಟೆ ಇಲ್ಲ, ಒಂದು ಕೈಯಲ್ಲಿ ಕಾಫಿ ಲೋಟ ಬೇರೆ. ಹಾಗಾಗಿ ಎತ್ತರದ ಸ್ಪಂಜ್ ಕೇಕ್, ಕ್ರೀಮ್, ಐಸಿಂಗ್ ಇವುಗಳ ಆಸೆ ಬಿಟ್ಟು, ಒಂದು ಇಂಚು ದಪ್ಪದ, ಚೌಕ ಕತ್ತರಿಸುವ ಕೇಕ್ ಮಾಡುವುದೇ ಜಾಣತನ.

ಶುರು ಮಾಡುವ ಮೊದಲು ಒಂದು ಮಾತು. ಬೆಲ್ಲ, ಜೋನಿಬೆಲ್ಲ, ಜೇನುತುಪ್ಪ, ಖರ್ಜೂರ, ಬಾಳೆಹಣ್ಣು, ಹಲಸಿನ ಹಣ್ಣು – ಇವು ಯಾವುವೂ ಲೋ ಕಾರ್ಬ್, ಅಂದರೆ ಪಿಷ್ಟ-ಸಕ್ಕರೆ ಕಡಿಮೆ ಇರುವ ಪದಾರ್ಥ, ಅಲ್ಲ. ರಾಗಿಯೂ ಅಲ್ಲ, 100 ಗ್ರಾಂ ರಾಗಿಯಲ್ಲಿ 65 ಗ್ರಾಮಿಗಿಂತ ಹೆಚ್ಚು ಕಾರ್ಬ್ ಇರುತ್ತದೆ. ಒಳ್ಳೆಯ ಪದಾರ್ಥಗಳೇ, ಜಗಳವಿಲ್ಲ. ಆದರೆ ಜೋನಿಬೆಲ್ಲ ಹಾಕಿದ ರಾಗಿ ಕೇಕನ್ನು “ಶುಗರ್ ಇರೋರೂ ತಿನ್ನಬಹುದು” ಎಂದು ಸಹೋದ್ಯೋಗಿಯ ಕೈಗೆ ಕೊಡುವುದು ತಪ್ಪು.

ಹಿಟ್ಟಿಗೆ ನಾನು ಬಳಸುವುದು ಬಾದಾಮಿ. 100 ಗ್ರಾಮಿನಲ್ಲಿ ನಾರು ಕಳೆದು ಉಳಿಯುವ ಕಾರ್ಬ್ ಸುಮಾರು 10 ಗ್ರಾಂ, ಕೊಬ್ಬು 50 ಗ್ರಾಂ. ಮೈದಾದಲ್ಲಿ ಕಾರ್ಬ್ 70ರ ಮೇಲೆ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬಾದಾಮಿಯಲ್ಲೇ ಇಷ್ಟು ಎಣ್ಣೆ ಇರುವುದರಿಂದ ಮೈದಾ ಕೇಕಿನ ಅಳತೆಯ ಬೆಣ್ಣೆ ಹಾಕಿದರೆ ತಳದಲ್ಲಿ ಜಿಡ್ಡು ನಿಲ್ಲುತ್ತದೆ. ಪುಡಿ ಮನೆಯಲ್ಲೇ ಮಾಡಿಕೊಂಡರೆ ಕೈಗೆ ಅಗ್ಗ. ಬಾದಾಮಿಯನ್ನು ಕುದಿಯುವ ನೀರಿಗೆ ಹಾಕಿ ಒಂದೂವರೆ ನಿಮಿಷ ಬಿಟ್ಟು ಬಸಿದರೆ ಸಿಪ್ಪೆ ಬೆರಳಿಗೆ ಜಾರಿ ಬರುತ್ತದೆ. ಒಣಗಿಸುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಹಪ್ಪಳವೇ ಒಣಗುವುದಿಲ್ಲ, ಇನ್ನು ಬಾದಾಮಿ ಎಲ್ಲಿ ಒಣಗೀತು? ಓಟಿಜಿಯಲ್ಲಿ (ಕರೆಂಟಿನ ಚಿಕ್ಕ ಓವನ್) 100 ಡಿಗ್ರಿಗಿಟ್ಟು, ಬಾಗಿಲಿಗೆ ಒಂದು ಮರದ ಚಮಚ ಸಿಕ್ಕಿಸಿ ಆವಿ ಹೋಗಲು ಬಿಡಿ. 40 ನಿಮಿಷಕ್ಕೆ ಒಂದನ್ನು ಮುರಿದು ನೋಡಿ. ಟಕ್ ಎಂದು ಮುರಿದರೆ ಸರಿ, ಬಾಗಿದರೆ ಇನ್ನೂ ಬೇಕು. ಬಣ್ಣ ಮಾತ್ರ ಬರಬಾರದು. ಪೂರ್ತಿ ಆರಿದ ಮೇಲೆ ಮಿಕ್ಸಿಯ ಚಿಕ್ಕ ಜಾರಿಗೆ 50–60 ಗ್ರಾಂ ಹಾಕಿ, ಮೂರು ಸೆಕೆಂಡಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಸಿಹಿಗೆಂದು ಅಳೆದಿಟ್ಟ ಪುಡಿಯಲ್ಲೇ ಒಂದು ಚಮಚ ಅದರ ಜೊತೆ ಹಾಕಿದರೆ ಎಣ್ಣೆ ಬಿಡುವುದು ತಡವಾಗುತ್ತದೆ. ಜಾರಿನ ತಳದಲ್ಲಿ ಹಿಟ್ಟು ಮೆತ್ತಿಕೊಳ್ಳಲು ಶುರುವಾಯಿತೆಂದರೆ ಅಲ್ಲಿಗೆ ನಿಲ್ಲಿಸಿ, ಜರಡಿ ಹಿಡಿಯಿರಿ. ಬಾದಾಮಿಯನ್ನು ಫ್ರಿಜ್‌ನಲ್ಲಿಟ್ಟು ಪುಡಿ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಣ ಊರಿಗೆ ಅದು ಸರಿ. ಆಗುಂಬೆ, ಹೊಸನಗರದ ಮಳೆಗಾಲದಲ್ಲಿ ತಣ್ಣಗಿನ ಬಾದಾಮಿಯನ್ನು ಹೊರಗೆ ತೆಗೆದರೆ ಗಾಳಿಯ ತೇವ ಅದರ ಮೇಲೇ ಕೂರುತ್ತದೆ.

ಕಾಯಿಹಾಲು ಹಿಂಡಿ ಉಳಿದ ಚರಟವನ್ನು ಹೀಗೇ ಒಣಗಿಸಿ ಪುಡಿ ಮಾಡಿದರೆ ತೆಂಗಿನ ಹಿಟ್ಟು ಸಿಗುತ್ತದೆ. ಆದರೆ ಬಾದಾಮಿ ಹಿಟ್ಟಿನ ಜಾಗಕ್ಕೆ ಅಷ್ಟೇ ಅಳತೆಯ ತೆಂಗಿನ ಹಿಟ್ಟು ಹಾಕಬೇಡಿ. ಅದು ತನ್ನ ತೂಕದ ಮೂರು-ನಾಲ್ಕು ಪಟ್ಟು ನೀರು ಕುಡಿಯುತ್ತದೆ. 100 ಗ್ರಾಂ ಬಾದಾಮಿ ಹಿಟ್ಟಿನ ಬದಲು 25–30 ಗ್ರಾಂ ಸಾಕು, ಜೊತೆಗೆ ಒಂದು ಮೊಟ್ಟೆ ಹೆಚ್ಚು ಬೇಕು.

ಇನ್ನು ಸಕ್ಕರೆ ಬದಲು ಹಾಕುವ ಸಿಹಿ. ಪ್ಯಾಕೆಟ್ಟಿನ ಹಿಂಭಾಗದ ಐಎನ್ಎಸ್ ಸಂಖ್ಯೆ, ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥದ ಗುರುತಿನ ಸಂಖ್ಯೆ, ಓದುವುದನ್ನು ರೂಢಿಸಿಕೊಳ್ಳಿ. 968 ಎರಿಥ್ರಿಟಾಲ್, 960 ಸ್ಟೀವಿಯಾ, 955 ಸುಕ್ರಲೋಸ್, 951 ಆಸ್ಪರ್ಟೇಮ್, 965 ಮಾಲ್ಟಿಟಾಲ್. ಆಸ್ಪರ್ಟೇಮ್ ಬಿಸಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ, ಕಾಫಿಗೆ ಹಾಕುವ ಮಾತ್ರೆಯಲ್ಲಿ ಅದಿದ್ದರೆ ಕೇಕಿಗೆ ಬೇಡ. “ಶುಗರ್ ಫ್ರೀ” ಚಾಕೊಲೇಟುಗಳಲ್ಲಿ ಹೆಚ್ಚಾಗಿ ಇರುವ ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಸ್ವಲ್ಪ ಮಟ್ಟಿಗೆ ಏರಿಸುತ್ತದೆ, ಹೊಟ್ಟೆಯನ್ನೂ ಉಬ್ಬರಿಸುತ್ತದೆ. ಮಧ್ಯಾಹ್ನದ ಮೀಟಿಂಗ್ ಇರುವ ದಿನ ಅದನ್ನು ಹಂಚುವುದು ಬೇಡವೇ ಬೇಡ. ಸಕ್ಕರೆಯಷ್ಟೇ ಅಳತೆಗೆ ಹಾಕಿ ಎಂದು ಬರೆದಿರುವ ಹಗುರ ಪುಡಿಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ತುಂಬಿರುವುದುಂಟು. ಅದು ಪಿಷ್ಟದಿಂದ ಮಾಡಿದ ಕಾರ್ಬೇ.

ನಾನು ನೆಚ್ಚಿರುವುದು ಎರಿಥ್ರಿಟಾಲ್. ಸಕ್ಕರೆಗೆ ಹೋಲಿಸಿದರೆ ಸಿಹಿ ಶೇಕಡಾ 60–70ರಷ್ಟು ಮಾತ್ರ. ಅದರ ದೋಷ ಮೂರು. ನಾಲಿಗೆಯ ಮೇಲೆ ಪೆಪ್ಪರ್‌ಮಿಂಟ್ ತಿಂದ ಹಾಗೆ ತಣ್ಣಗಾಗುತ್ತದೆ. ನೀರಿನಲ್ಲಿ ಸಕ್ಕರೆಯಷ್ಟು ಕರಗದ ಕಾರಣ ಕೇಕ್ ಆರಿದ ಮೇಲೆ ಮತ್ತೆ ಹರಳುಗಟ್ಟಿ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಮೂರನೆಯದಾಗಿ, ಸಕ್ಕರೆಯಂತೆ ಕಂದುಬಣ್ಣ ತಿರುಗುವುದಿಲ್ಲ. ಹರಳು ಬರಬಾರದೆಂದರೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಯೇ ಹಾಕಬೇಕು. ತಣ್ಣನೆ ರುಚಿ ಮುಚ್ಚಲು ಅಳತೆಯನ್ನು ಸ್ವಲ್ಪ ಇಳಿಸಿ, ಚಿಟಿಕೆ ಸ್ಟೀವಿಯಾ ಸೇರಿಸಿ. ಸ್ಟೀವಿಯಾ ಜಾಸ್ತಿಯಾದರೆ ಕಹಿ. ಏಲಕ್ಕಿ, ಶುಂಠಿ, ಕಾಫಿ, ಕೋಕೋ ಇದ್ದರೆ ಎರಡೂ ಮುಚ್ಚಿಹೋಗುತ್ತವೆ. ನಮ್ಮ ಏಲಕ್ಕಿ ಇರುವಾಗ ವೆನಿಲಾ ಎಸೆನ್ಸ್ ಬಾಟಲಿ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ.

ಏಳು ಇಂಚಿನ ಚೌಕ ಟಿನ್ನಿಗೆ ನನ್ನ ಅಳತೆ: ಬಾದಾಮಿ ಹಿಟ್ಟು 200 ಗ್ರಾಂ, ಮೊಟ್ಟೆ 4, ಕರಗಿಸಿ ಆರಿಸಿದ ತುಪ್ಪ 70 ಗ್ರಾಂ, ಗಟ್ಟಿ ಮೊಸರು 60 ಗ್ರಾಂ, ಎರಿಥ್ರಿಟಾಲ್ ಪುಡಿ 90 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ಉಪ್ಪು ಕಾಲು ಚಮಚ, ಏಲಕ್ಕಿ 10, ಒಂದು ನಿಂಬೆಯ ಹಳದಿ ಸಿಪ್ಪೆಯ ತುರಿ. ಮನೆಯ ಬೆಣ್ಣೆಯಲ್ಲಿ ನೀರಿನ ಪ್ರಮಾಣ ದಿನಕ್ಕೊಂದು ಥರ ಇರುವುದರಿಂದ ತುಪ್ಪವೇ ನಂಬಿಕೆಗೆ ಅರ್ಹ. ಕಪ್ಪಿನಲ್ಲಿ ಅಳೆಯಬೇಡಿ, ತಕ್ಕಡಿ ಬೇಕೇ ಬೇಕು. ಬಾದಾಮಿ ಹಿಟ್ಟನ್ನು ಒತ್ತಿ ತುಂಬಿದರೆ ಒಂದೇ ಕಪ್ಪಿಗೆ 20–30 ಗ್ರಾಂ ಹೆಚ್ಚು ಹಿಡಿಯುತ್ತದೆ.

ಮೊಟ್ಟೆ ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿರಲಿ. ತಣ್ಣನೆ ಮೊಟ್ಟೆಗೆ ತುಪ್ಪ ಸುರಿದರೆ ತುಪ್ಪ ಹೆಪ್ಪುಗಟ್ಟಿ ಗಂಟು ಬೀಳುತ್ತದೆ. ಮೊಟ್ಟೆ, ಎರಿಥ್ರಿಟಾಲ್ ಎರಡನ್ನೂ ನಾಲ್ಕು ನಿಮಿಷ ಬೀಟರ್‌ನಲ್ಲಿ ಹೊಡೆಯಿರಿ. ಬಣ್ಣ ತಿಳಿಯಾಗಿ, ನೊರೆ ದಪ್ಪವಾಗಿ, ಬೀಟರ್ ಎತ್ತಿದಾಗ ಬಿದ್ದ ಗೆರೆ ಎರಡು ಸೆಕೆಂಡ್ ನಿಲ್ಲಬೇಕು. ಅಂಟಿಲ್ಲದ ಹಿಟ್ಟನ್ನು ಮೇಲೆತ್ತುವುದು ಈ ಗಾಳಿ, ಹಿಡಿದಿಡುವುದು ಬೆಂದ ಮೊಟ್ಟೆ. ಮೊಸರು, ತುಪ್ಪ ಸೇರಿಸಿ, ಜರಡಿ ಹಿಡಿದ ಒಣ ಪದಾರ್ಥಗಳನ್ನು ಮಡಚಿದಂತೆ ಬೆರೆಸಿ. ಹಿಟ್ಟು ಮೈದಾ ಕೇಕಿಗಿಂತ ಗಟ್ಟಿಯಿರುತ್ತದೆ, ತಾನಾಗಿ ಹರಡುವುದಿಲ್ಲ. ಹಾಲು ಹಾಕಿ ತೆಳು ಮಾಡಲು ಹೋಗಬೇಡಿ. ಚಮಚದಿಂದ ಮಟ್ಟ ಮಾಡಿ. ಬಟರ್ ಪೇಪರನ್ನು ಎರಡು ಬದಿಯಲ್ಲಿ ಹೊರಗೆ ಚಾಚಿಬಿಟ್ಟರೆ ಆಮೇಲೆ ಎತ್ತಲು ಸುಲಭ.

ಮೊದಲೇ ಕಾದ ಓವನ್ನಿನಲ್ಲಿ 160 ಡಿಗ್ರಿ, 35ರಿಂದ 40 ನಿಮಿಷ. 180ಕ್ಕೆ ಇಟ್ಟರೆ ಬಾದಾಮಿಯ ಅಂಚು ಕರಟುತ್ತದೆ, ನಡು ಹಸಿ ಉಳಿಯುತ್ತದೆ. ಮೇಲ್ಮೈಯ ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸಬೇಡಿ. ನಡುವಿಗೆ ಕಡ್ಡಿ ಚುಚ್ಚಿ, ಬೆರಳಿನಿಂದ ಒತ್ತಿದಾಗ ಎದ್ದು ಬರುತ್ತದಾ ನೋಡಿ. ಥರ್ಮಾಮೀಟರ್ ಇದ್ದರೆ 95 ಡಿಗ್ರಿ. ಮಳೆಗಾಲದ ಸಂಜೆ ವೋಲ್ಟೇಜ್ ಕುಸಿದಾಗ ಓಟಿಜಿ ದೀಪ ಉರಿಯುತ್ತಲೇ ಇರುತ್ತದೆ, ಒಳಗಿನ ಬಿಸಿ ಮಾತ್ರ ಏರುವುದಿಲ್ಲ. ಕೇಕಿನ ನಡು ಕುಸಿಯುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ, ಬೇಕಿಂಗ್ ಪೌಡರ್ ಅಲ್ಲ. ಓವನ್ ಥರ್ಮಾಮೀಟರ್ ಒಂದನ್ನು ಒಳಗೆ ನೇತುಹಾಕಿದರೆ ಸಂಶಯ ಹೋಗುತ್ತದೆ.

ಕರೆಂಟ್ ನಂಬುವ ಹಾಗಿಲ್ಲ ಎನ್ನುವವರಿಗೆ ಐದು ಲೀಟರ್ ಕುಕ್ಕರ್ ಇದ್ದೇ ಇದೆ. ಗ್ಯಾಸ್ಕೆಟ್, ವೆಯ್ಟ್ ತೆಗೆದು, ತಳಕ್ಕೆ ಒಂದು ಇಂಚು ಕಲ್ಲುಪ್ಪು, ಅದರ ಮೇಲೆ ಸ್ಟ್ಯಾಂಡ್, ಸ್ಟ್ಯಾಂಡ್ ಮೇಲೆ ಒಂದು ತಟ್ಟೆ, ಆಮೇಲೆ ಟಿನ್. ಹತ್ತು ನಿಮಿಷ ಕಾಯಿಸಿ, ಉರಿ ಪೂರ್ತಿ ಸಣ್ಣ ಮಾಡಿ 45–50 ನಿಮಿಷ. ಕುಕ್ಕರಿಗೆ ದುಂಡು ಟಿನ್ನೇ ಹಿಡಿಸುವುದರಿಂದ ಅಳತೆ ಮುಕ್ಕಾಲು ಭಾಗಕ್ಕೆ ಇಳಿಸಿಕೊಳ್ಳಿ. ಆ ತಟ್ಟೆ ಬಿಟ್ಟರೆ ಬಾದಾಮಿಯ ಎಣ್ಣೆಯಿಂದ ತಳ ಕಪ್ಪಾಗುವುದು ಖಂಡಿತ.

ಬೆಂದ ಕೇಕನ್ನು ಬಿಸಿಯಲ್ಲಿ ಕತ್ತರಿಸಿದರೆ ಎಲ್ಲ ಶ್ರಮ ಪುಡಿಪುಡಿ. ಟಿನ್ನಿನಲ್ಲೇ 20 ನಿಮಿಷ, ಆಮೇಲೆ ಜಾಲರಿ ಮೇಲೆ ಕನಿಷ್ಠ ಎರಡು ಗಂಟೆ. ತುಪ್ಪ ಗಟ್ಟಿಯಾಗಿ, ಮೊಟ್ಟೆ ಬಿಗಿದುಕೊಂಡ ಮೇಲೇ ಅದಕ್ಕೆ ಆಕಾರ. ರಾತ್ರಿ ಬೇಯಿಸಿ ಬೆಳಿಗ್ಗೆ ಕತ್ತರಿಸುವುದು ಎಲ್ಲಕ್ಕಿಂತ ಒಳ್ಳೆಯದು. ನಾಲ್ಕು ನಾಲ್ಕರಂತೆ 16 ತುಂಡು ಮಾಡಿದರೆ ತುಂಡಿಗೆ ನಾರು ಮತ್ತು ಎರಿಥ್ರಿಟಾಲ್ ಬಿಟ್ಟು ಕಾರ್ಬ್ 2 ಗ್ರಾಮಿನ ಒಳಗೆ. 200 ಗ್ರಾಂ ಮೈದಾ, 180 ಗ್ರಾಂ ಸಕ್ಕರೆಯ ಕೇಕನ್ನು ಹೀಗೇ ಕತ್ತರಿಸಿದರೆ ತುಂಡಿಗೆ 20 ಗ್ರಾಂ ಬೀಳುತ್ತದೆ.

ಮಲೆನಾಡಿನ ಆಫೀಸಿನಲ್ಲಿ ಹಲವರು ಮೊಟ್ಟೆ ಮುಟ್ಟುವುದಿಲ್ಲ. ಅವರನ್ನು ಬಿಟ್ಟು ಹಂಚುವುದು ಹೇಗೆ? ಮೊಟ್ಟೆ ತೆಗೆದರೆ ಅಂಟಿಗೆ ಉಳಿಯುವುದು ಇಸಬ್‌ಗೋಲ್ ಮತ್ತು ಅಗಸೆ. ನನಗೆ ಸರಿಹೋದದ್ದು ಇಸಬ್‌ಗೋಲ್. ಬಾದಾಮಿ ಹಿಟ್ಟು 150 ಗ್ರಾಂ, ಸಿಹಿ ಹಾಕದ ಕೊಬ್ಬರಿ ಪುಡಿ 50 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿದ ಇಸಬ್‌ಗೋಲ್ 8 ಗ್ರಾಂ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು 120 ಗ್ರಾಂ, ತುಪ್ಪ 60 ಗ್ರಾಂ, ಎರಿಥ್ರಿಟಾಲ್ 70 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಚಮಚ, ಚಿಟಿಕೆ ಸೋಡಾ, 70 ಮಿಲಿ ಬಿಸಿ ನೀರಿನಲ್ಲಿ ಕದಡಿದ ಎರಡು ಚಮಚ ಇನ್‌ಸ್ಟಂಟ್ ಕಾಫಿ. ಕಲಸಿ ಹತ್ತು ನಿಮಿಷ ಬಿಟ್ಟರೆ ಇಸಬ್‌ಗೋಲ್ ಉಬ್ಬಿ ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ ಒಂದಾಗುತ್ತದೆ. ಎರಡು ಸೆಂಟಿಮೀಟರಿಗಿಂತ ದಪ್ಪ ಹರಡಬೇಡಿ, ಉಬ್ಬುವ ನಿರೀಕ್ಷೆಯೂ ಬೇಡ. 155 ಡಿಗ್ರಿಯಲ್ಲಿ 45 ನಿಮಿಷ. ಇಸಬ್‌ಗೋಲ್ 12 ಗ್ರಾಂ ದಾಟಿದರೆ ಕೇಕ್ ರಬ್ಬರಾಗುತ್ತದೆ, ಎಷ್ಟು ಬೇಯಿಸಿದರೂ ನಡು ಹಸಿ ಅನ್ನಿಸುತ್ತದೆ. ಪುಡಿ ಮಾಡದೆ ಹಾಗೇ ಹಾಕಿದರೆ ಎಳೆ ಎಳೆ ಬಾಯಿಗೆ ಸಿಗುತ್ತದೆ. ಕೆಲವು ಕಂಪನಿಯ ಇಸಬ್‌ಗೋಲ್ ಬೆಂದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೆಟ್ಟಿದ್ದಲ್ಲ. ಕಾಫಿ ಹಾಕಿದಲ್ಲಿ ಕಾಣುವುದೂ ಇಲ್ಲ.

ಬಾದಾಮಿ ಆಗದವರಿಗೆ ಸೂರ್ಯಕಾಂತಿ ಬೀಜದ ಪುಡಿ ನಡೆಯುತ್ತದೆ. ಅದು ಸೋಡಾ ಜೊತೆ ಸೇರಿ ಮರುದಿನಕ್ಕೆ ಹಸಿರಾಗುವುದುಂಟು. ಒಂದು ಚಮಚ ನಿಂಬೆರಸ ಹಾಕಿ, ಸೋಡಾ ಕಡಿಮೆ ಮಾಡಿದರೆ ಹಸಿರು ಅಷ್ಟು ಕಾಣುವುದಿಲ್ಲ.

ಸಿಹಿಯೇ ಬೇಡ ಎನ್ನುವವರಿಗೆ ಕಾಳುಮೆಣಸಿನ ಬಿಸ್ಕೆಟ್: ಬಾದಾಮಿ ಹಿಟ್ಟು 150, ಬಿಳಿ ಎಳ್ಳು 30, ತುಪ್ಪ 15 ಗ್ರಾಂ, ಮೊಟ್ಟೆ 1, ಜಜ್ಜಿದ ಮೆಣಸು ಒಂದೂವರೆ ಚಮಚ, ಉಪ್ಪು. ಎರಡು ಬಟರ್ ಪೇಪರ್ ನಡುವೆ ಮೂರು ಮಿಲಿಮೀಟರಿಗೆ ಲಟ್ಟಿಸಿ, ಚಾಕುವಿನಿಂದ ಗೆರೆ ಹಾಕಿ, 160ರಲ್ಲಿ 16–18 ನಿಮಿಷ. ಮೆತ್ತಗಾದರೆ 100 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಮತ್ತೆ ಗರಿಗರಿ.

ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿ: ಬಾದಾಮಿ ಇದೆ, ಮೊಟ್ಟೆ ಇದೆ ಅಥವಾ ಇಲ್ಲ, ಹಾಲಿನ ಪದಾರ್ಥ ಇದೆ, ಸಿಹಿ ಯಾವುದು, ತುಂಡಿಗೆ ಕಾರ್ಬ್ ಎಷ್ಟು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೊನೆಯ ಸಾಲು ಬೇಕಾಗುತ್ತದೆ. ಇದನ್ನೇ ಮಾಮೂಲಿ ತಿಂಡಿ ಎಂದುಕೊಂಡು ಡೋಸ್ ಹಾಕಿಕೊಂಡರೆ ಸಕ್ಕರೆ ಕೆಳಗಿಳಿಯುವ ಅಪಾಯವಿದೆ. ಎರಿಥ್ರಿಟಾಲ್ ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವು ಎಂಬ ಅಧ್ಯಯನವೊಂದು 2023ರಲ್ಲಿ ಪ್ರಕಟವಾಗಿದೆ. ಅದು ನಂಟು ತೋರಿಸುತ್ತದೆ, ಅದೇ ಕಾರಣವೆಂದು ಸಾಬೀತು ಮಾಡುವುದಿಲ್ಲ. ಆದರೂ ನಾನು ತಲೆಗೆ ಒಂದೇ ತುಂಡು, ಅದೂ ಅಪರೂಪಕ್ಕೆ ಎಂದು ಇಟ್ಟುಕೊಂಡಿದ್ದೇನೆ. ಕ್ಸೈಲಿಟಾಲ್, ಅಂದರೆ 967, ಬಳಸಿದ್ದರೆ ಉಳಿದ ಚೂರನ್ನು ಗೇಟಿನ ನಾಯಿಗೆ ಹಾಕಬೇಡಿ. ನಾಯಿಗಳಿಗೆ ಅದು ವಿಷ.

ಡಬ್ಬಿಗೆ ಬೆಚ್ಚಗಿರುವಾಗ ತುಂಬಿದರೆ ಮುಚ್ಚಳದ ಒಳಗೆ ಬೆವರಿ ಎರಡನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ನಾಲ್ಕೈದು ದಿನ. ಫ್ರೀಜರಿನಲ್ಲಿಡುವುದಾದರೆ ತುಂಡುಗಳನ್ನು ಒಂದೊಂದಾಗಿ ಬಟರ್ ಪೇಪರಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಇಡಿ, ತಿಂಗಳು ಬರುತ್ತದೆ. ತೆಗೆದಾಗ ಸುತ್ತಿದ್ದನ್ನು ಬಿಚ್ಚದೆ ಡಬ್ಬಿಯಲ್ಲೇ ಎರಡು ಗಂಟೆ ಬಿಡಿ. ಮೊದಲೇ ಬಿಚ್ಚಿದರೆ ಗಾಳಿಯ ತೇವ ಕೇಕಿನ ಮೇಲೆ ಕೂತು ಮೇಲ್ಪದರ ಅಂಟಂಟಾಗುತ್ತದೆ.