ಕಷ್ಟಪಟ್ಟು ಕರು ಹಾಕಿದ ಹಸು ಮತ್ತೆ ಗಬ್ಬವಾಗಲು ಏನು ಮಾಡಬೇಕು?

ಹಸು ಕರು ಹಾಕಲು ಕಷ್ಟಪಟ್ಟಾಗ ಕರು ಬದುಕಿತೇ, ತಾಯಿ ಎದ್ದು ನಿಂತಿತೇ ಎಂದು ನೋಡಿ ನಾವು ಸಮಾಧಾನಪಡುತ್ತೇವೆ. ನಿಜವಾದ ನಷ್ಟ ಗೊತ್ತಾಗುವುದು ಮೂರು ನಾಲ್ಕು ತಿಂಗಳು ಕಳೆದ ಮೇಲೆ, ಹಸು ಬೆದೆಗೇ (ಹೋರಿ ಬಯಸುವ ಸ್ಥಿತಿಗೆ) ಬಾರದಿದ್ದಾಗ ಅಥವಾ ಎಷ್ಟು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆಯ ವೀರ್ಯ) ಹಾಕಿಸಿದರೂ ಗಬ್ಬ ನಿಲ್ಲದಿದ್ದಾಗ. ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನಗಳ ಒಳಗೆ ಅದು ಮತ್ತೆ ಗಬ್ಬವಾಗಬೇಕು. ಎಳೆದಾಡಿ ಕರು ತೆಗೆದ ಹಸುವಿನ ಗರ್ಭಕೋಶದಲ್ಲಿ ಗಾಯವಾಗಿ ಸೋಂಕು ತಗುಲಿದರೆ ಅದು ಮೊದಲಿನ ಗಾತ್ರಕ್ಕೆ ಕುಗ್ಗುವುದು ತಡವಾಗುತ್ತದೆ, ಮತ್ತು ಕೈತಪ್ಪಿದ ಒಂದೊಂದು ಬೆದೆಯೂ 21 ದಿನಗಳನ್ನು ನುಂಗುತ್ತದೆ. ಆ ಸೂಲಿನ (ಹೆರಿಗೆಯ) ಹಾಲೂ ಕಡಿಮೆಯಾಗುವುದರಿಂದ, ಇನ್ನೂ ಹಲವು ಸೂಲು ಹಾಲು ಕೊಡಬಲ್ಲ ಹಸು ಎರಡನೇ ಸೂಲಿಗೇ ಮಾರಾಟವಾಗಿ ಕೊಟ್ಟಿಗೆ ಬಿಡುತ್ತದೆ.

ತೊಂದರೆಯನ್ನು ತಡೆಯುವ ಮೊದಲ ಹೆಜ್ಜೆ ಕಡಸಿಗೆ (ಇನ್ನೂ ಕರು ಹಾಕದ ಹಸುವಿಗೆ) ವೀರ್ಯ ಆರಿಸುವಲ್ಲಿಯೇ ಇದೆ. ಕೊಡಗಿನ ಅನೇಕ ಮನೆಗಳ ದನಗಳಲ್ಲಿ ಮಲೆನಾಡು ಗಿಡ್ಡ ಎಂಬ ಕುಳ್ಳ ನಾಟಿ ತಳಿಯ ರಕ್ತವಿದೆ. ಅಂತಹ ಸಣ್ಣ ಮೈಕಟ್ಟಿನ ಕಡಸಿಗೆ, ಹಾಲು ಹೆಚ್ಚಲಿ ಎಂಬ ಆಸೆಯಿಂದ ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ದೊಡ್ಡ ಮೈಕಟ್ಟಿನ ವಿದೇಶಿ ತಳಿ) ವೀರ್ಯ ಹಾಕಿಸಿದರೆ ಕರು ದೊಡ್ಡದಾಗಿ, ಸೊಂಟದ ದಾರಿ ಸಾಲದೆ ಹೋಗಬಹುದು. ಮೊದಲ ಸೂಲಿಗೆ ಜರ್ಸಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ತಳಿ ಯಾವುದೇ ಇರಲಿ, ಕಡಸು ತನ್ನ ಪೂರ್ಣ ಬೆಳವಣಿಗೆಯ ತೂಕದ ಶೇ 60ರಿಂದ 65ರಷ್ಟನ್ನು ಮುಟ್ಟುವ ಮೊದಲು ವೀರ್ಯ ಹಾಕಿಸಬಾರದು. ಮಿಶ್ರತಳಿಗೆ ಇದು ಸುಮಾರು 250 ಕೆ.ಜಿ. ಆಗುತ್ತದೆ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂಭಾಗದಲ್ಲಿ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 58, ಉದ್ದ 50 ಇಂಚು ಇರುವ ಕಡಸು ಸುಮಾರು 255 ಕೆ.ಜಿ. ತೂಗುತ್ತದೆ.

ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸಿ, ಹಸು ಸೊರಗದಂತೆಯೂ ಅತಿಯಾಗಿ ಕೊಬ್ಬದಂತೆಯೂ ನೋಡಿಕೊಳ್ಳಬೇಕು, ಏಕೆಂದರೆ ಕೊಬ್ಬು ಕರು ಹೊರಬರುವ ದಾರಿಯನ್ನೇ ಕಿರಿದಾಗಿಸುತ್ತದೆ. ಕೊನೆಯ ಮೂರು ವಾರ ಕ್ಯಾಲ್ಸಿಯಂ ದ್ರಾವಣವನ್ನು ಧಾರಾಳವಾಗಿ ಕುಡಿಸಿದರೆ ಮೈ ತನ್ನ ಮೂಳೆಯ ಕ್ಯಾಲ್ಸಿಯಂ ಬಳಸುವುದನ್ನು ಮರೆತು, ಹಾಲುಜ್ವರಕ್ಕೆ (ಕರು ಹಾಕುವ ಹೊತ್ತಿಗೆ ರಕ್ತದ ಕ್ಯಾಲ್ಸಿಯಂ ಕುಸಿಯುವ ರೋಗಕ್ಕೆ) ದಾರಿಯಾಗುತ್ತದೆ. ಹಾಲುಜ್ವರ ಬಂದರೆ ಗರ್ಭಕೋಶಕ್ಕೆ ಕರುವನ್ನು ಹೊರದೂಡುವ ಬಲವಿರುವುದಿಲ್ಲ. ಕಕ್ಕಡದ (ಕೊಡಗಿನ ಆಟಿ ತಿಂಗಳ) ಮಳೆಯಲ್ಲಿ ಕೊಟ್ಟಿಗೆಯ ನೆಲ ಸದಾ ಒದ್ದೆಯಾಗಿರುವುದರಿಂದ ಒಂದು ಮೂಲೆಯನ್ನು ಮೊದಲೇ ತೊಳೆದು ಒಣಗಿಸಿ, ಒಣ ತರಗೆಲೆ ಮತ್ತು ಭತ್ತದ ಹುಲ್ಲನ್ನು ದಪ್ಪವಾಗಿ ಹಾಸಿಡಿ.

ಹೆರಿಗೆಯ ದಿನ ಗಡಿಯಾರ ನೋಡುವುದು ಮುಖ್ಯ. ಹಸು ಆರು ಗಂಟೆಗೂ ಹೆಚ್ಚು ಕಾಲ ಎದ್ದು ಮಲಗಿ ಚಡಪಡಿಸಿದರೂ ನೀರಿನ ಚೀಲ ಕಾಣದಿದ್ದರೆ ಗರ್ಭಕೋಶ ತಿರುಚಿಕೊಂಡಿರುವ ಸಂಭವವಿದೆ. ಚೀಲ ಕಂಡ ಮೇಲೆ ಹಸುವಿಗೆ ಒಂದು ಗಂಟೆ, ಕಡಸಿಗೆ ಎರಡು ಗಂಟೆ ಕಳೆದರೂ ಮುಂದಿನ ಬೆಳವಣಿಗೆ ಇಲ್ಲವೆಂದರೆ ಪಶುವೈದ್ಯರನ್ನು ಕರೆಯಲೇಬೇಕು. ಭಾಗಮಂಡಲ, ನಾಪೋಕ್ಲು ಕಡೆ ಮಳೆಗಾಲದ ರಾತ್ರಿ ಕರೆಂಟು ಹೋಗಿ, ಫೋನೂ ಸಿಗದೆ ಇರುವುದು ಸಾಮಾನ್ಯವಾದ್ದರಿಂದ, ಅನುಮಾನ ಬಂದ ಕೂಡಲೇ, ಕತ್ತಲಾಗುವ ಮೊದಲೇ ಊರಿನ ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ತಿಳಿಸುವುದು ಒಳ್ಳೆಯದು. ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಾಣುವುದು ಸರಿಯಾದ ಭಂಗಿ. ಗೊರಸಿನ ಅಡಿಭಾಗ ಮೇಲ್ಮುಖವಾಗಿದ್ದರೆ ಅವು ಸಾಮಾನ್ಯವಾಗಿ ಹಿಂಗಾಲುಗಳು, ಆಗ ತಡಮಾಡುವಂತಿಲ್ಲ. ಭಂಗಿ ಸರಿಯಿದ್ದು ಸ್ವಲ್ಪ ನೆರವು ಬೇಕಾದರೆ ಕೈಯನ್ನೂ ಹಸುವಿನ ಹಿಂಭಾಗವನ್ನೂ ಸಾಬೂನಿನಿಂದ ತೊಳೆದು, ಹಸು ತಿಣುಕಿದಾಗ ಮಾತ್ರ, ಒಮ್ಮೆ ಒಂದು ಕಾಲು, ಇನ್ನೊಮ್ಮೆ ಇನ್ನೊಂದು ಕಾಲು ಎಂಬಂತೆ ಎಳೆದು, ತಲೆ ಹೊರಬಂದ ಮೇಲೆ ಕೆಳಮುಖವಾಗಿ ಎಳೆಯಬೇಕು. ಇಬ್ಬರ ಬಲ ಸಾಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಅಕ್ಕಪಕ್ಕದವರೆಲ್ಲ ಸೇರಿ ಹಗ್ಗ ಕಟ್ಟಿ ಜಗ್ಗುವುದರಿಂದ ದಾರಿ ಹರಿಯುತ್ತದೆ, ಸೊಂಟದ ನರಗಳು ನಜ್ಜುಗುಜ್ಜಾಗಿ ಹಸು ಏಳಲಾರದೆ ಮಲಗಿಬಿಡುತ್ತದೆ. ಅಂತಹ ಹಸುವನ್ನು ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿ, ಜಾರದ ಮೆತ್ತನೆಯ ಹಾಸಿನ ಮೇಲೆ ಇಡಬೇಕಾಗುತ್ತದೆ.

ಹೆರಿಗೆಯ ನಂತರದ ಹತ್ತು ದಿನಗಳಲ್ಲಿ ತೋರುವ ಜಾಗ್ರತೆಯೇ ಹಸುವಿನ ಮುಂದಿನ ಗರ್ಭವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಸ (ಮಾಸು) ಸಾಮಾನ್ಯವಾಗಿ 12 ಗಂಟೆಗಳೊಳಗೆ ಬೀಳುತ್ತದೆ. ಬೀಳದಿದ್ದರೆ ಕಲ್ಲು ಕಟ್ಟುವುದಾಗಲಿ, ಕೈ ಹಾಕಿ ಕಿತ್ತು ತೆಗೆಯುವುದಾಗಲಿ ದಯವಿಟ್ಟು ಬೇಡ. ಗರ್ಭಕೋಶದ ಒಳಪದರ ಹರಿದು ಸೋಂಕು ಆಳಕ್ಕಿಳಿಯುವುದು ಹೀಗೆಯೇ. ಪ್ರತಿದಿನ ಬೆಳಿಗ್ಗೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಹಸು ಮೇವು ಬಿಟ್ಟರೆ, ಅಥವಾ ಕೆಂಪು ಮಿಶ್ರಿತ ಕಂದು ಬಣ್ಣದ ನೀರಾದ ಸ್ರಾವ ಕೆಟ್ಟ ವಾಸನೆ ಬೀರಿದರೆ ಅದೇ ದಿನ ಚಿಕಿತ್ಸೆ ಕೊಡಿಸಬೇಕು. ವಾಸನೆಯಿಲ್ಲದ, ದಿನೇ ದಿನೇ ಕಡಿಮೆಯಾಗುವ ಸ್ರಾವಕ್ಕೆ ಹೆದರಬೇಕಿಲ್ಲ.

ಮೂವತ್ತರಿಂದ ನಲವತ್ತನೇ ದಿನದ ನಡುವೆ ಗರ್ಭಕೋಶವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಹಸು ಆರೋಗ್ಯವಾಗಿಯೇ ಕಾಣುತ್ತಿದೆಯೆಂದು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಆದರೆ ಒಳಗಿನ ಸಣ್ಣ ಸೋಂಕಿಗೆ ಜ್ವರವಿರುವುದಿಲ್ಲ. ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ಅದರಲ್ಲಿ ಕೀವಿನ ಬಿಳಿ ಎಳೆ ಕಂಡರೆ ಆ ಬೆದೆಯಲ್ಲಿ ವೀರ್ಯ ಹಾಕಿಸದೆ ಮೊದಲು ಚಿಕಿತ್ಸೆ ಮಾಡಿಸಿ. ಎಲ್ಲವೂ ಸರಿಯಿದ್ದರೆ 60 ದಿನ ಕಳೆದ ನಂತರದ ಬೆದೆಯಲ್ಲಿ, ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬಹುದು.

ಕಷ್ಟದಲ್ಲಿ ಹುಟ್ಟಿದ ಕರು ತಾನಾಗಿ ಎದ್ದು ಕುಡಿಯದಿದ್ದರೆ ಗಿಣ್ಣು ಹಾಲನ್ನು ಕರೆದು ಮೊದಲ ಎರಡು ಗಂಟೆಗಳೊಳಗೆ ಕುಡಿಸಬೇಕು. ಕರು ಹಾಕಿದ ದಿನಾಂಕ, ತೊಂದರೆಯ ಸ್ವರೂಪ, ಕಸ ಬಿದ್ದ ಸಮಯ, ಬಳಸಿದ ಹೋರಿಯ ಸಂಖ್ಯೆ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಸಲ ವೀರ್ಯ ಹಾಕಲು ಬರುವವರಿಗೆ ತೋರಿಸಿ.