ಅಮ್ಮನಿಗೊಂದು ಕಂಪ್ಯೂಟರ್: ಇಪ್ಪತ್ತು ಸಾವಿರದೊಳಗೆ ಆರಿಸುವುದು ಹೇಗೆ?

ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವಾಗ ಮೂರನೇ ಮೆಟ್ಟಿಲಿನ ಕೆಳಗೆ ಒಂದು ಲ್ಯಾಪ್‌ಟಾಪ್ ಡಬ್ಬ ಇಡುತ್ತೇವೆ, ಎತ್ತರ ಸರಿಹೋಗಲಿ ಅಂತ. ಡಬ್ಬದೊಳಗೆ ಲ್ಯಾಪ್‌ಟಾಪೂ ಇದೆ. ಕೆಲವು ವರ್ಷದ ಹಿಂದೆ ಹಬ್ಬದ ಆಫರ್‌ನಲ್ಲಿ ಅಮ್ಮನಿಗೆ ಅಂತ ನಾನೇ ತರಿಸಿದ್ದು. ಹೊಚ್ಚ ಹೊಸದು, ಆಗಿನ 22 ಸಾವಿರ. ಬಟನ್ ಒತ್ತಿ, ಅಡುಗೆಮನೆಗೆ ಹೋಗಿ, ಕಾಫಿ ಬೆರೆಸಿಕೊಂಡು ಬಂದರೂ ಅದಿನ್ನೂ ಸುತ್ತುತ್ತಲೇ ಇರುತ್ತಿತ್ತು. ‘ಇದಕ್ಕಿಂತ ನಮ್ಮ ಸ್ಕೂಲಿನ ಗುಮಾಸ್ತರೇ ವಾಸಿಯಾಗಿದ್ರು ಕಣೋ’ ಎಂದು ಮುಚ್ಚಿಟ್ಟವಳು ಮತ್ತೆ ತೆಗೆಯಲೇ ಇಲ್ಲ.

ತಪ್ಪು ನನ್ನದೇ. ಬರೀ ಇಂಟರ್‌ನೆಟ್ ನೋಡುವುದಕ್ಕೆ ತಾನೇ ಎಂದುಕೊಂಡು 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಇದ್ದದ್ದನ್ನು ತಗೊಂಡಿದ್ದೆ. ರ‍್ಯಾಮ್ ಅಂದರೆ ಕೆಲಸ ನಡೆಯುತ್ತಿರುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ಮೆಮೊರಿ. ಇಎಂಎಂಸಿ ಅಂದರೆ ಅಗ್ಗದ ಫೋನ್‌ಗಳಲ್ಲಿ ಹಾಕುವಂಥ, ಫೈಲುಗಳನ್ನು ಕೂಡಿಡುವ ಮೆಮೊರಿ. ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಬಿಚ್ಚಿ ಬದಲಾಯಿಸುವ ಹಾಗಿಲ್ಲ. ವಿಂಡೋಸ್ ಕೂತು ಒಂದೆರಡು ದೊಡ್ಡ ಅಪ್‌ಡೇಟ್ ಬಂದವು ನೋಡಿ, ಜಾಗವೇ ಉಳಿಯಲಿಲ್ಲ. ನಿಜ ಹೇಳಬೇಕೆಂದರೆ ಇವತ್ತು ಮನೆ ಕಂಪ್ಯೂಟರಿನಲ್ಲಿ ರ‍್ಯಾಮ್ ಜಾಸ್ತಿ ತಿನ್ನುವುದೇ ಬ್ರೌಸರ್, ಅಂದರೆ ಇಂಟರ್‌ನೆಟ್ ಪುಟ ತೆರೆಯುವ ತಂತ್ರಾಂಶ.

ಈ ಸಲ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹಳೇ ಮಾಲು, ಅಂದರೆ ಬೇರೆಯವರು ಬಳಸಿದ ಲ್ಯಾಪ್‌ಟಾಪ್ ತಂದೆ. 18,500 ರೂಪಾಯಿ. ಅಮ್ಮ ದಿನಾ ಬಳಸುತ್ತಿದ್ದಾಳೆ.

ಮೊದಲು ಪಕ್ಕದಲ್ಲಿ ಕೂತು ನೋಡಿ

ಅಂಗಡಿಗೆ ಹೋಗುವ ಮುಂಚೆ ಎರಡು ಸಂಜೆ ಅವರ ಪಕ್ಕ ಕೂತುಕೊಳ್ಳಿ. ಫೋನ್‌ನಲ್ಲಿ ಏನೇನು ಮಾಡುತ್ತಾರೆ, ಎಲ್ಲಿ ಒದ್ದಾಡುತ್ತಾರೆ, ಯಾವುದಕ್ಕೆ ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ತರುತ್ತಾರೆ ಅಂತ ಸುಮ್ನೆ ನೋಡಿ. ನಮ್ಮಮ್ಮನ ಪಟ್ಟಿ ಇಷ್ಟು: ಪೇಪರ್ ಹುಡುಗ ಬರದ ದಿನ ಇ-ಪೇಪರ್, ಯೂಟ್ಯೂಬಿನಲ್ಲಿ ಪ್ರವಚನ, ಶಿವಮೊಗ್ಗದ ಚಿಕ್ಕಮ್ಮನ ಜೊತೆ ವಿಡಿಯೊ ಕಾಲ್, ಬೆಸ್ಕಾಂ ಬಿಲ್ಲು, ತಿಂಗಳ ಮೊದಲ ವಾರ ಪಿಂಚಣಿ ಬಂತಾ ಅಂತ ಬ್ಯಾಂಕಿನ ಸೈಟು. ಇನ್ನೊಂದು ವಿಷಯವೂ ಗೊತ್ತಾಯಿತು. ತೆರೆದ ಪುಟವನ್ನು ಅವಳು ಯಾವತ್ತೂ ಮುಚ್ಚುವುದಿಲ್ಲ. ಒಂದು ದಿನ ಎಣಿಸಿದೆ, 31 ಇದ್ದವು.

ನಿಮ್ಮ ತಂದೆಯವರೋ ತಾಯಿಯವರೋ ವಿಡಿಯೊ ಬಿಟ್ಟು ಬೇರೇನೂ ನೋಡುವುದಿಲ್ಲ ಅನ್ನುವುದಾದರೆ ದೊಡ್ಡ ಪರದೆಯ ಟ್ಯಾಬ್ ಸಾಕು, ಮುಂದೆ ಓದುವುದೂ ಬೇಡ. ಇಲ್ಲವಾದರೆ ಅಟ್ಟದ ಮೇಲೆ ನಿಮ್ಮದೇ ಕಾಲೇಜು ಕಾಲದ ಲ್ಯಾಪ್‌ಟಾಪ್ ಬಿದ್ದಿದೆಯಾ ನೋಡಿ. ಅದರ ತಿರುಗುವ ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅಥವಾ ಕ್ರೋಮ್ಓಎಸ್ ಫ್ಲೆಕ್ಸ್ ಹಾಕಿದರೆ ಎಷ್ಟೋ ಹಳೇ ಯಂತ್ರಗಳು ಎದ್ದು ಕೂರುತ್ತವೆ. ಎರಡೂ ಪುಕ್ಕಟೆ. ಆದರೆ ಕೆಟ್ಟಾಗ ಬಂದು ನೋಡುವವರು ಹತ್ತಿರದಲ್ಲಿರಬೇಕು. ಪಕ್ಕದ ಬೀದಿಯ ರಿಪೇರಿ ಅಂಗಡಿಯವರಿಗೆ ವಿಂಡೋಸ್ ಗೊತ್ತಿರುವಷ್ಟು ಇವು ಗೊತ್ತಿರುವುದಿಲ್ಲ.

ಕ್ರೋಮ್‌ಬುಕ್ ಕೆಟ್ಟದ್ದೇನಲ್ಲ, ಅದು ಗೂಗಲ್‌ನ ಕ್ರೋಮ್ಓಎಸ್ ಮೇಲೆ ನಡೆಯುವ ಲ್ಯಾಪ್‌ಟಾಪ್. ಹತ್ತು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಗೂಗಲ್ 2023ರಲ್ಲಿ ಹೇಳಿದೆ. ಆ ಹತ್ತು ವರ್ಷದ ಲೆಕ್ಕ ನೀವು ಕೊಂಡ ದಿನದಿಂದ ಅಲ್ಲ, ಅಂಥ ಯಂತ್ರ ಮೊದಲು ಮಾರುಕಟ್ಟೆಗೆ ಬಂದಾಗಿನಿಂದ ಶುರು. ಅದೊಂದನ್ನು ನೋಡಿಕೊಂಡು ತಗೊಳ್ಳಿ.

ನಾಲ್ಕು ಅಂಕಿ ನೆನಪಿರಲಿ

ರ‍್ಯಾಮ್ 8 ಜಿಬಿ. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಎಸ್‌ಎಸ್‌ಡಿ 256 ಜಿಬಿ, ಅದಕ್ಕಿಂತ ಜಾಸ್ತಿಗೆ ದುಡ್ಡು ಸುರಿಯಬೇಕಾಗಿಲ್ಲ.

ಮೂರನೆಯದು ಪ್ರೊಸೆಸರಿನ ತಲೆಮಾರು. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಈಚಿನದು. ಇದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನು ವಿಂಡೋಸ್ 11 ಬೇಕು, ಮತ್ತು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಮನೆ ಬಳಕೆಯ ಇಂಟೆಲ್ ಯಂತ್ರಗಳು ಹೆಚ್ಚುಕಡಿಮೆ 8ನೇ ತಲೆಮಾರಿನಿಂದಲೇ ಶುರು. ಅಂಗಡಿಯವರು ‘ಐ5 ಸಾರ್, ಕಣ್ಮುಚ್ಚಿ ತಗೊಳ್ಳಿ’ ಅನ್ನುತ್ತಾರೆ. ಐ5 ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಮುಂದಿನ ನಂಬರ್ ಕೇಳಿ. ಐ5-8350ಯು ಅಂದರೆ 8ನೆಯದು, 10210ಯು ಅಂದರೆ 10ನೆಯದು, 7300ಯು ಅಂದರೆ 7ನೆಯದು, ಅದು ಬೇಡ. ಏಳನೆಯದಕ್ಕೂ ಹೇಗೋ ವಿಂಡೋಸ್ 11 ಹಾಕಿ ಕೊಡುವವರಿದ್ದಾರೆ. ಮುಂದೊಂದು ದಿನ ಅಪ್‌ಡೇಟ್ ನಿಂತರೆ ಪರದಾಡುವವರು ನೀವು.

ನಾಲ್ಕನೆಯದು ಪರದೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ, ಯಾರೂ ಕೇಳದ ವಿಷಯವೂ ಇದೇ. 1366×768 ಚುಕ್ಕಿಗಳ (ಪಿಕ್ಸೆಲ್) ಪರದೆಗಳು ಹಳೇ ಮಾಲಿನಲ್ಲಿ ರಾಶಿ ರಾಶಿ ಇವೆ, ಎರಡು ಸಾವಿರ ಕಡಿಮೆಗೂ ಸಿಗುತ್ತವೆ. ಅದರಲ್ಲಿ ಒಂದು ಇ-ಪೇಪರ್ ತೆರೆಸಿ ನೋಡಿ. ಇಂಗ್ಲಿಷ್ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಮಾತ್ರ ಇರುವೆ ಮುತ್ತಿದ ಹಾಗೆ ಕಾಣುತ್ತದೆ. ‘ರಾಷ್ಟ್ರ’ದ ಕೆಳಗಿರುವುದು ಟ-ಒತ್ತೋ ಬರೀ ಕಲೆಯೋ ಹೇಳಲು ಆಗುವುದಿಲ್ಲ. 1920×1080 ಇರುವ ಐಪಿಎಸ್ ಪರದೆ ಕೇಳಿ. ಐಪಿಎಸ್ ಯಾಕೆಂದರೆ ಅದನ್ನು ಓರೆಯಿಂದ ನೋಡಿದರೂ ಬಣ್ಣ ಬಿಳಿಚಿಕೊಳ್ಳುವುದಿಲ್ಲ. ನಮ್ಮಮ್ಮ ದಿವಾನದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ, ಒಂದು ಪಕ್ಕದಿಂದಲೇ ನೋಡುವುದು. ನಿಮ್ಮ ಮನೆಯಲ್ಲೂ ಯಾರೂ ಟೇಬಲ್ ಮುಂದೆ ನೆಟ್ಟಗೆ ಕೂರುವುದಿಲ್ಲ, ಅಲ್ವಾ?

ಎಸ್.ಪಿ. ರೋಡಿನಲ್ಲಿ ಅರ್ಧ ದಿನ

ಸದರ್ ಪತ್ರಪ್ಪ ರಸ್ತೆ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಎಸ್.ಪಿ. ರೋಡ್ ಅಂದರೆ ಆಟೊದವರೂ ಕರೆದುಕೊಂಡು ಹೋಗುತ್ತಾರೆ. ಮೆಟ್ರೊ ಆದರೆ ಚಿಕ್ಕಪೇಟೆಯಲ್ಲಿ ಇಳಿದು ನಡೆಯಿರಿ. ಕಾರು ತರಬೇಡಿ. ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಇಲ್ಲಿ ಕೇಳಬೇಕಾದದ್ದು ದೊಡ್ಡ ಕಂಪನಿಗಳು ಉದ್ಯೋಗಿಗಳಿಗೆ ಕೊಟ್ಟು, ಕೆಲವು ವರ್ಷದ ನಂತರ ಒಟ್ಟಿಗೆ ಮಾರಿಬಿಡುವ ಲ್ಯಾಪ್‌ಟಾಪ್‌ಗಳು. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490 ಅಥವಾ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5. ಇವೆಲ್ಲ 14 ಇಂಚಿನವು, ಹೆಚ್ಚಾಗಿ 8ನೇ ತಲೆಮಾರಿನ ಪ್ರೊಸೆಸರಿನೊಂದಿಗೆ ಬಂದವು. ಹೊಸದಿದ್ದಾಗ ಸಿಕ್ಕಾಪಟ್ಟೆ ದುಬಾರಿ. ಕೀಲಿಗಳು ಗಟ್ಟಿ, ಹಿಂಜ್ ಗಟ್ಟಿ, ರ‍್ಯಾಮ್ ಬದಲಾಯಿಸಬಹುದು. ಬೆಂಗಳೂರಿನಲ್ಲಿ ಇಷ್ಟೊಂದು ಐಟಿ ಕಂಪನಿಗಳು ಇರುವುದರಿಂದ ನಮಗೆ ಇದೊಂದು ಲಾಭ ಅನ್ನಿ. ಒಂದೇ ಮಾದರಿಗೆ ಕನಿಷ್ಠ ಮೂರು ಅಂಗಡಿಯಲ್ಲಿ ರೇಟು ಕೇಳಿ, ಎರಡು ಮೂರು ಸಾವಿರ ವ್ಯತ್ಯಾಸ ನನಗೇ ಸಿಕ್ಕಿತು.

ಆಮೇಲೆ ಕೌಂಟರಿನ ಮುಂದೆಯೇ ಕೂತು ಪರೀಕ್ಷೆ ಮಾಡಿ, ನಾಚಿಕೆ ಬೇಡ. ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀಲಿ ಒತ್ತಿ. ಬಿಳಿ ಪುಟ ತೆರೆದು ಪರದೆಯಲ್ಲಿ ಕಲೆ ಇದೆಯಾ ನೋಡಿ. ಒಂದು ಹಾಡು ಹಾಕಿಸಿ ಕೇಳಿ. ಕ್ಯಾಮೆರಾ ಆನ್ ಮಾಡಿ.

ಬ್ಯಾಟರಿ ಚೆನ್ನಾಗಿದೆ ಅಂತ ಬಾಯಿಮಾತಲ್ಲಿ ಹೇಳಿದ್ದನ್ನು ನಂಬಬೇಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪವರ್ ಎಂದು ಬರೆದು, ಅದಕ್ಕೇ ಅಂಟಿಸಿ ಸಿ, ಎಫ್, ಜಿ ಹಾಕಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಕೂಡಿಸಿ ಬರೆದು ಎಂಟರ್ ಒತ್ತಿ. ಒಂದು ಫೈಲ್ ತಯಾರಾಗುತ್ತದೆ, ಎಲ್ಲಿದೆ ಅಂತ ಅಲ್ಲೇ ತೋರಿಸುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಅಂದರೆ ಹೊಸದರಲ್ಲಿ ಇದ್ದ ಶಕ್ತಿ, ಫುಲ್ ಚಾರ್ಜ್ ಕೆಪಾಸಿಟಿ ಅಂದರೆ ಈಗ ಉಳಿದಿರುವುದು. ನಾನು ನೋಡಿದ ಒಂದರಲ್ಲಿ ಮೊದಲನೆಯದು 50 ಸಾವಿರ ಚಿಲ್ಲರೆ, ಎರಡನೆಯದು 21 ಸಾವಿರ. ‘ಇದು ಅರ್ಧ ಪ್ರಾಣವೂ ಇಲ್ಲವಲ್ಲ ಸ್ವಾಮಿ’ ಎಂದು ಪರದೆ ಅವರ ಕಡೆ ತಿರುಗಿಸಿದೆ. ಮಾತಾಡದೆ ಒಳಗಿಂದ ಬೇರೆ ಬ್ಯಾಟರಿ ತಂದು ಹಾಕಿದರು.

ಇನ್ನೊಂದು ಪರೀಕ್ಷೆ ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸನ್ನು ಪೂರ್ತಿ ರೀಸೆಟ್ ಮಾಡಿಸಿ, ವೈಫೈಗೆ ಜೋಡಿಸಿ, ಮೊದಲ ಸಲ ತೆರೆಯುವಾಗ ಬರುವ ಪರದೆಯನ್ನು ನೋಡಿ. ಅಲ್ಲಿ ಯಾವುದಾದರೂ ಕಂಪನಿಯ ಹೆಸರು ಬಂದು, ಆ ಕಂಪನಿಯ ಇಮೇಲ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ಹಳೇ ಕಂಪನಿಯವರು ಅದನ್ನು ತಮ್ಮ ಪಟ್ಟಿಯಿಂದ ತೆಗೆದಿಲ್ಲ ಅಂತ ಅರ್ಥ. ಹೀಗೆ ರೀಸೆಟ್ ಮಾಡಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಹೋಗಿ ಒಂದು ದೋಸೆ ತಿಂದು ಬನ್ನಿ.

ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು, ವಾರಂಟಿ ಎಷ್ಟು ತಿಂಗಳು ಅನ್ನುವುದು ಅದೇ ಬಿಲ್ಲಿನಲ್ಲಿ. ಇದಿಲ್ಲದೆ ದುಡ್ಡು ಕೊಡಬೇಡಿ. ಜೊತೆಗೊಂದು ಮೌಸ್ ತಗೊಳ್ಳಿ. ಬೆರಳು ನಡುಗುವ ವಯಸ್ಸಿನಲ್ಲಿ ಟಚ್‌ಪ್ಯಾಡ್ ಹಿಂಸೆ.

ಮನೆಗೆ ತಂದ ಮೇಲೆ

ಒಂದು ಮಧ್ಯಾಹ್ನ ಇದಕ್ಕೇ ಇಡಿ. ಅಡ್ಮಿನ್ ಅಕೌಂಟ್ ನಿಮ್ಮ ಹೆಸರಲ್ಲಿರಲಿ, ಅವರಿಗೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಿ. ಆಗ ಯಾರೋ ಕಳಿಸಿದ ಲಿಂಕ್ ಒತ್ತಿದರೂ ಮುಖ್ಯ ಜಾಗಕ್ಕೆ ಏನೂ ಸುಲಭಕ್ಕೆ ಇನ್‌ಸ್ಟಾಲ್ ಆಗುವುದಿಲ್ಲ. ಡಿಸ್ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ 150ಕ್ಕೆ ಏರಿಸಿ. ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ ಅಂತ ತೋರಿಸಿಕೊಡಿ, ಅಮ್ಮನಿಗೆ ಅತಿ ಇಷ್ಟವಾದದ್ದು ಅದೇ.

ನಾನು ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದೆ. ಕ್ರೋಮ್‌ನಲ್ಲಾದರೆ ಅದರ ಲೈಟ್ ಆವೃತ್ತಿ ಮಾತ್ರ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎಂದು ಕಿರುಚುವ ಜಾಹೀರಾತುಗಳು ಬಹುಮಟ್ಟಿಗೆ ನಿಂತವು. ನೋಟಿಫಿಕೇಶನ್ ಕೇಳುವುದನ್ನೂ ಸೆಟ್ಟಿಂಗಿನಲ್ಲಿ ಬ್ಲಾಕ್ ಮಾಡಿ. ಬುಕ್‌ಮಾರ್ಕ್‌ಗಳಿಗೆ ಕನ್ನಡದಲ್ಲೇ ಹೆಸರಿಡಿ: ಪೇಪರ್, ಕರೆಂಟ್ ಬಿಲ್, ಪಿಂಚಣಿ, ಹಾಡು.

ಕನ್ನಡ ಟೈಪ್ ಮಾಡಲು ವಿಂಡೋಸಿನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೆ ಸಿಗುತ್ತದೆ. ವಿಂಡೋಸ್ ಕೀಲಿ ಜೊತೆ ಸ್ಪೇಸ್ ಒತ್ತಿದರೆ ಅತ್ತಿಂದಿತ್ತ ಬದಲಾಗುತ್ತದೆ. ಸರ್ಕಾರಿ ಕಚೇರಿಯಲ್ಲಿ ದುಡಿದು ‘ನುಡಿ’ ಕನ್ನಡ ತಂತ್ರಾಂಶಕ್ಕೆ ಒಗ್ಗಿದವರಿಗೆ ನುಡಿಯನ್ನೇ ಹಾಕಿಕೊಡಿ, ಹೊಸ ಕೀಬೋರ್ಡ್ ಕಲಿಸಲು ಹೋಗಿ ಬೈಸಿಕೊಳ್ಳಬೇಡಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಡೆಯುತ್ತದೆ, ವೈಫೈ ಹೋಗುತ್ತದೆ. ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ, ಎಸ್.ಪಿ. ರೋಡಿಗೆ ಹೋದಾಗಲೇ ತಂದುಬಿಡಿ. ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದು ತಪ್ಪು ಅಂತ ಕೆಲವರು ಹೇಳುತ್ತಾರೆ. ನನಗೇನೂ ಹಾಗನ್ನಿಸುವುದಿಲ್ಲ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ವಾಸಿ. ವಂಚನೆಯಲ್ಲಿ ದುಡ್ಡು ಹೋದರೆ ತಕ್ಷಣ ಕರೆ ಮಾಡಬೇಕಾದ 1930 ನಂಬರನ್ನು ಅದೇ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ.

ಕೊನೆಯದು, ದೂರದಿಂದ ಸರಿಮಾಡುವ ದಾರಿ. ವಿಂಡೋಸಿನ ಕ್ವಿಕ್ ಅಸಿಸ್ಟ್‌ನಲ್ಲಿ ನಾನು ಫೋನ್‌ನಲ್ಲಿ ಹೇಳುವ ಕೋಡನ್ನು ಅಮ್ಮ ಅಲ್ಲಿ ಹಾಕಿ ಒಪ್ಪಿದರೆ ಅವಳ ಪರದೆ ನನಗೆ ಕಾಣುತ್ತದೆ. ವಂಚಕರೂ ಇಂಥದ್ದನ್ನೇ ಬಳಸುವುದು. ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ನಾನೇ ಫೋನ್ ಮಾಡಿದರೂ ಸರಿ, ಮೊದಲು ಅವಳೊಂದು ಪ್ರಶ್ನೆ ಕೇಳಬೇಕು, ಹೊರಗಿನವರಿಗೆ ಉತ್ತರ ಗೊತ್ತಿರಬಾರದು. ಹೋದ ವಾರ ಆಫೀಸಿನಿಂದ ಫೋನ್ ಮಾಡಿದಾಗ ‘ಏಳನೇ ಕ್ಲಾಸಿನಲ್ಲಿ ನಿನಗೆ ಗಣಿತದಲ್ಲಿ ಎಷ್ಟು ಬಂದಿತ್ತು?’ ಅಂದಳು. ಪಕ್ಕದ ಸೀಟಿನವರಿಗೆ ಕೇಳಿಸದ ಹಾಗೆ ಪಿಸುಗುಟ್ಟಿ ಹೇಳಿದ ಮೇಲೇ ಕೋಡ್ ಹಾಕಿದ್ದು.