ಸರ್ಕಿಟ್ ಬೋಧಕನ ಒಂದು ವರ್ಷವನ್ನು ನಾನು ಲೆಕ್ಕಕ್ಕೆ ತರುವ ಬಗೆ

ಪೀಟರ್ ಕಾರ್ಟ್‌ರೈಟ್ (1785–1872) ಅಮೆರಿಕದ ಕೆಂಟಕಿ, ಓಹಾಯೊ ಕಡೆ, 1824ರ ನಂತರ ಇಲಿನಾಯ್‌ನಲ್ಲಿ ಕುದುರೆಯ ಮೇಲೆ ಸರ್ಕಿಟ್ (ಒಬ್ಬ ಬೋಧಕ ಸರದಿಯಂತೆ ಸುತ್ತಬೇಕಾದ ಊರುಗಳ ವಲಯ) ಸುತ್ತಿದ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದ ಬೋಧಕರು. ಅವರ ಆತ್ಮಕಥೆ 1856ರಲ್ಲಿ ಅಚ್ಚಾಯಿತು. ಸೊಗಸಾದ ಪುಸ್ತಕ. ಆದರೂ ಜೀವನಚರಿತ್ರೆಯ ಕೆಲಸಕ್ಕೆ ಕೂತಾಗ ನಾನು ಅದನ್ನು ಕೊನೆಗೆ ತೆರೆಯುತ್ತೇನೆ. ಐವತ್ತು ವರ್ಷ ಹಿಂದಿನದನ್ನು ನೆನಪಿನಿಂದ ಬರೆದಾಗ ಇಸವಿ ಜಾರುವುದು ಸಹಜ.

ಮೊದಲು ಹಿಡಿಯುವುದು ವಾರ್ಷಿಕ ಕಾನ್ಫರೆನ್ಸಿನ, ಅಂದರೆ ಬೋಧಕರು ವರ್ಷಕ್ಕೊಮ್ಮೆ ಸೇರುವ ಸಭೆಯ, ಅಚ್ಚಾದ ನಡಾವಳಿ. ಅದು ಪ್ರಶ್ನೋತ್ತರದ ರೂಪದಲ್ಲಿದೆ: ಪರೀಕ್ಷಾರ್ಥ ಸೇರಿದವರು ಯಾರು, ಪೂರ್ಣ ಸದಸ್ಯರಾದವರು ಯಾರು, ತೀರಿಕೊಂಡವರು ಯಾರು, ಯಾರ ನೇಮಕ ಎಲ್ಲಿಗೆ. (ನಮ್ಮ ಬೀದರ್ ಕಡೆಯ ಮೆಥೋಡಿಸ್ಟ್ ಸಭೆಗಳಲ್ಲೂ ಪಾಲಕರ ನೇಮಕ ಇಂದಿಗೂ ವಾರ್ಷಿಕ ಕಾನ್ಫರೆನ್ಸಿನಲ್ಲೇ.) ವರ್ಷಕ್ಕೊಂದು ಸಾಲು ಹಾಕಿ ಸರ್ಕಿಟ್, ಜೊತೆಗಾರ, ಪ್ರಿಸೈಡಿಂಗ್ ಎಲ್ಡರ್ (ಹಲವು ಸರ್ಕಿಟ್‌ಗಳ ಮೇಲ್ವಿಚಾರಕ), ಸದಸ್ಯರ ಸಂಖ್ಯೆ ಬರೆದುಕೊಳ್ಳುತ್ತೇನೆ. ಬಿಳಿಯರ ಮತ್ತು ಕರಿಯರ ಸಂಖ್ಯೆ ಬೇರೆ ಬೇರೆ ಕೊಟ್ಟಿರುತ್ತಾರೆ, ಎರಡನ್ನೂ ಎತ್ತಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಕಾನ್ಫರೆನ್ಸ್ ವರ್ಷ ಜನವರಿಗೆ ಶುರುವಾಗುವುದಿಲ್ಲ. ಪಶ್ಚಿಮದ ಕಾನ್ಫರೆನ್ಸ್ ಸೇರುತ್ತಿದ್ದುದು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ, ಹಾಗಾಗಿ ಒಂದು ನೇಮಕ ಎರಡು ಇಸವಿಗಳಿಗೆ ಚಾಚಿರುತ್ತದೆ. ನಾನು "1804–05" ಎಂದೇ ಬರೆಯುತ್ತೇನೆ. ಗೂಟದಂತೆ ನಿಲ್ಲುವ ಇಸವಿಗಳು ಎರಡು: 1806ರಲ್ಲಿ ಕಾರ್ಟ್‌ರೈಟ್ ಅವರಿಗೆ ಬಿಷಪ್ ಆಸ್ಬರಿ ಡೀಕನ್ (ಪಾದ್ರಿ ಪದವಿಯ ಮೊದಲ ಮೆಟ್ಟಿಲು) ದೀಕ್ಷೆ ಕೊಟ್ಟದ್ದು, 1808ರಲ್ಲಿ ಬಿಷಪ್ ಮೆಕೆಂಡ್ರಿ ಎಲ್ಡರ್ (ಪೂರ್ಣ ಪಾದ್ರಿ) ದೀಕ್ಷೆ ಕೊಟ್ಟದ್ದು. ಉಳಿದದ್ದನ್ನು ಇವುಗಳ ನಡುವೆ ಹೊಂದಿಸುತ್ತೇನೆ.

ಇನ್ನು ನಕ್ಷೆ. ಸೈಯೋಟೊ, ಸಾಲ್ಟ್ ರಿವರ್ ಮುಂತಾದ ಸರ್ಕಿಟ್‌ಗಳಿಗೆ ನದಿಯ ಹೆಸರು. ಇಂದಿನ ಊರಿನ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಆ ಕಾಲದ ಕೌಂಟಿ ಗಡಿಗಳಿರುವ ನಕ್ಷೆಯೇ ಬೇಕು. ನಾಲ್ಕು ವಾರದ ಸುತ್ತಾದರೆ 28 ದಿನ. ಇಬ್ಬರು ಬೋಧಕರಿದ್ದರೆ ಎರಡು ವಾರದ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಹೊರಡುತ್ತಿದ್ದರು, ಪ್ರತಿ ಮನೆಗೂ ಹದಿನೈದು ದಿನಕ್ಕೊಮ್ಮೆ ಬೋಧನೆ ಸಿಗುತ್ತಿತ್ತು. ಇದನ್ನು ಮರೆತರೆ ಒಬ್ಬರ ದಣಿವನ್ನು ಎರಡರಷ್ಟು ಮಾಡಿ ಬರೆಯುತ್ತೇವೆ.

"ಲೊಕೇಟೆಡ್" ಎಂಬ ಪದ ಕಂಡರೆ ಹೊರಹಾಕಿದರು ಎಂದು ಓದಬೇಡಿ. ಸಂಚಾರ ಬಿಟ್ಟು ಒಂದೆಡೆ ನೆಲೆಸಿದರು ಎಂದಷ್ಟೇ. ಕಾರಣ ಬಹುಪಾಲು ಸಂಸಾರ. 1800ರಿಂದ ಬೋಧಕರಿಗೆ ವರ್ಷಕ್ಕೆ 80 ಡಾಲರ್, 1816ರಿಂದ 100. ಇದು ಮಿತಿಯೇ ಹೊರತು ಖಾತ್ರಿಯ ಸಂಬಳವಲ್ಲ. ತ್ರೈಮಾಸಿಕ ಸಭೆಯಲ್ಲಿ ವಂತಿಗೆ ಕಡಿಮೆ ಬಿದ್ದರೆ ಬೋಧಕರ ಪಾಲೂ ಕಡಿಮೆ. ಆದ್ದರಿಂದ ಸರ್ಕಿಟ್‌ನ ಹಣ ನೋಡಿಕೊಳ್ಳುತ್ತಿದ್ದ ಸ್ಟೀವರ್ಡ್‌ಗಳ ಲೆಕ್ಕದ ಪುಸ್ತಕ ಉಳಿದಿದ್ದರೆ ಮಾತ್ರ ಕೈಗೆ ಬಂದ ಹಣವನ್ನು ಬರೆಯುತ್ತೇನೆ, ಇಲ್ಲದಿದ್ದರೆ ಆ ಕಾಲಂ ಖಾಲಿ.